ಕರೆದಾಗ ಬರುವ ಲಂಗರು

ಭೇರ್ಯದಿಂದ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟೆ. ಹೆಗಲ ಮೇಲೆ ಹದಿನೆಂಟು ಕೆಜಿಯ ಲಂಗರು. ನನ್ನ ವೆಲ್ಡಿಂಗ್ ಶಾಪಿನಲ್ಲಿ ನಾನೇ ಬಗ್ಗಿಸಿ, ಬೆಸೆದು, ಕೆಂಪು ಬಣ್ಣ ಬಳಿದದ್ದು. ಓದಿದ್ದು ಆರನೇ ಕ್ಲಾಸಾದರೂ ನಾನು ಹಾಕಿದ ಬೆಸುಗೆ ಇದುವರೆಗೆ ಬಿಟ್ಟಿಲ್ಲ.

ಅಕ್ಕನ ಗಂಡ ನಂಜಪ್ಪ ಭಾವ ಕಬಿನಿ ಹಿನ್ನೀರಿನಲ್ಲಿ ಮೋಟಾರ್ ಬೋಟ್ ಓಡಿಸುತ್ತಾರೆ. ಅವರು ಅಂಗಡಿಯಿಂದ ತಂದಿದ್ದ ಲಂಗರು ಹೋದ ವರ್ಷ ನೀರೊಳಗಿನ ಹಳೇ ಮರದ ಬೊಡ್ಡೆಗೆ ಸಿಕ್ಕಿ, ಹಗ್ಗ ಕಿತ್ತು ಅಲ್ಲೇ ಉಳಿದಿತ್ತು. "ಕಚ್ಕೊಂಡ್ರೆ ಸಾಲ್ದು ಕಣ್ಲಾ, ಕರ್ದಾಗ ಬರ್ಬೇಕು. ನಿಂದೂ ಅಲ್ಲೇ ಉಳ್ಕೊಂಡ್ರೆ ಇನ್ ನನ್ ಬೋಟಿಗೆ ನೀನು ಒಂದ್ ಮೊಳೆನೂ ಹೊಡಿಯಂಗಿಲ್ಲ" ಎಂದು ಫೋನಿನಲ್ಲೇ ಷರತ್ತು ಹಾಕಿದ್ದರು.

ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ, ಹುಣಸೂರಿನಲ್ಲಿ ಬಿಸಿ ಇಡ್ಲಿ ತಿಂದು ಎಚ್.ಡಿ. ಕೋಟೆ ಬಸ್ಸು ಹತ್ತಿದೆ. ಕಂಡಕ್ಟರ್ ಕಣ್ಣರಳಿಸಿದ.

"ಏನ್ರೀ ಇದು, ನೇಗಿಲಾ?"

"ಲಂಗರು ಕಣ್ರೀ. ಬೋಟಿಂದು."

ಪಕ್ಕದ ಸೀಟಿನ ಅಜ್ಜಿ ಬಿಡಲಿಲ್ಲ. "ಸುಮ್ಕಿರಪ್ಪ, ಪಾತಾಳಗರಡಿ ಅದು. ಬಾವಿಗ್ ಬಿದ್ ಬಿಂದ್ಗೆ ತೆಗಿಯೋದು ನಂಗೊತ್ತಿಲ್ವಾ?"

ಬಸ್ಸೆಲ್ಲ ನಕ್ಕಿತು. ನಾನು ಪೆಚ್ಚಾದೆ. ಅಜ್ಜಿ ಹೇಳಿದ್ದು ನಿಜ. ಪಾತಾಳಗರಡಿ ಮಾಡಿ ಪಳಗಿದ ಕೈ, ನಾಲ್ಕು ಕೊಕ್ಕೆಗಳನ್ನೂ ಅದೇ ರೀತಿ ಬಗ್ಗಿಸಿಬಿಟ್ಟಿತ್ತು. ಸಿಕ್ಕಿದ್ದನ್ನು ಬಿಡದಿರುವುದೇ ಅದರ ಗುಣ! ಕಂಡಕ್ಟರ್ ಅದಕ್ಕೊಂದು ಲಗೇಜ್ ಟಿಕೆಟ್ ಹರಿದುಕೊಟ್ಟ.

ಕೋಟೆಯಿಂದ ಆಟೋದಲ್ಲಿ ಹಿನ್ನೀರಿನ ದಡ ಸೇರಿದಾಗ ಹನ್ನೊಂದಾಗಿತ್ತು. ಬಿಸಿಲಿದ್ದರೂ ತಂಪು ಗಾಳಿ. ಮೊದಲು ಬೋಟಿನ ಮೂತಿ ನೋಡಿದೆ. ಹಗ್ಗ ಸುತ್ತುವ ಕಬ್ಬಿಣದ ಕೊಂಬು ಅಲುಗುತ್ತಿತ್ತು. ತುಕ್ಕು ಹಿಡಿದ ಬೋಲ್ಟು ಬಿಚ್ಚಿ, ಹಲಗೆಯ ಅಡಿಗೆ ದಪ್ಪ ತಗಡು ಕೊಟ್ಟು, ಹೊಸ ಬೋಲ್ಟು ಬಿಗಿದೆ. ಲಂಗರಿನ ಕೊಂಡಿಗೆ ಗ್ರೀಸು ಸವರಿ, ಅದರ ತಿರುಪು ಬಿಚ್ಚಿಕೊಳ್ಳದಂತೆ ತಂತಿ ಸುತ್ತಿದೆ.

ಊಟವಾದ ಮೇಲೆ, ಭಾವ ದಿನಾ ಬೋಟು ನಿಲ್ಲಿಸುವ ಜಾಗಕ್ಕೇ ಹೋಗಿ ಲಂಗರು ಇಳಿಸಿದೆವು. ಬೋಟು ಕಟ್ಟಿಹಾಕಿದ ಎತ್ತಿನಂತೆ ನಿಂತಿತು. ನಾನು ಮೀಸೆ ತಿರುವಿದೆ.

"ಈಗ ಕರಿ" ಎಂದರು ಭಾವ.

ಎಳೆದೆ. ಬರಲಿಲ್ಲ. ಇಬ್ಬರೂ ಎಳೆದೆವು. ಬೋಟಿನ ಮೂತಿಯೇ ನೀರಿಗೆ ಬಗ್ಗಿತು.

"ಓಯ್ತು ಬುಡು! ನಾಳೆ ಅಂಗ್ಡಿಗೆ ಓಯ್ತೀನಿ."

"ತಡೀರಿ ಭಾವ. ಒಂದ್ ಸುತ್ತು ಆ ಕಡಿಂದ ಬನ್ನಿ."

ಹಗ್ಗ ಸಡಿಲ ಬಿಟ್ಟೆ. ಭಾವ ಬೋಟನ್ನು ನಿಧಾನಕ್ಕೆ ಸುತ್ತು ಹಾಕಿಸಿ ಎದುರು ದಿಕ್ಕಿಗೆ ತಂದರು. ಅಲ್ಲಿಂದ ಎಳೆದಾಗ ಕೆಳಗೆ ಏನೋ ಸಡಿಲವಾಯಿತು. ಆದರೆ ಭಾರ ಎರಡರಷ್ಟು! ಏದುಸಿರು ಬಿಡುತ್ತಾ ಮೇಲೆತ್ತಿದರೆ, ನನ್ನ ಕೆಂಪು ಕೊಕ್ಕೆಗೆ ಪಾಚಿ ಹಿಡಿದ ಇನ್ನೊಂದು ಲಂಗರು ನೇತಾಡುತ್ತಿತ್ತು. ಹೋದ ವರ್ಷ ಮುಳುಗಿದ್ದು!

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ದಡದಲ್ಲಿದ್ದ ಅಕ್ಕನಿಗೆ ಕೂಗಿದರು: "ಲಂಗ್ರು ಮಾಡ್ಲಾ ಅಂದ್ರೆ ಪಾತಾಳಗರಡಿ ಮಾಡವ್ನೆ ಕಣಮ್ಮೀ ನಿನ್ ತಮ್ಮ!"

ಆದರೆ ದಿನಾ ಹೀಗೆ ಸುತ್ತು ಹಾಕಲಾಗುತ್ತದೆಯೇ? ನಾಲ್ಕು ಕೊಕ್ಕೆ ಕೂಡುವ ಬುಡಕ್ಕೆ ಇನ್ನೊಂದು ಹಗ್ಗ ಕಟ್ಟಿ, ಅದರ ತುದಿಗೆ ಖಾಲಿ ಎಣ್ಣೆ ಕ್ಯಾನು ತೇಲಿಬಿಟ್ಟೆ. ಬುಡದಿಂದ ಎಳೆದರೆ ಕೊಕ್ಕೆ ಬಂದ ದಾರಿಯಲ್ಲೇ ಹಿಂದೆ ಜಾರುತ್ತದೆ. ಅದೇ ಜಾಗದಲ್ಲಿ ಮೂರು ಸಲ ಇಳಿಸಿದೆವು. ಮೂರು ಸಲವೂ ಬಂತು. ರಾತ್ರಿ ಮುದ್ದೆ, ಮೀನು ಸಾರು. ಭಾವನೇ ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿದರು.

ಮರುದಿನ ಹುಣಸೂರಿಗೆ ಹೊರಟರೆ ಅದೇ ಕಂಡಕ್ಟರ್.

"ಎಲ್ರೀ ನಿಮ್ ಲಗೇಜು? ನೀರ್ ಪಾಲಾಯ್ತಾ?"

"ನೀರಲ್ಲೇ ಐತೆ ಕಣ್ರೀ. ಕರ್ದಾಗ ಬತ್ತದೆ" ಎಂದು ಹೇಳಿ, ಒಂದೇ ಟಿಕೆಟ್ ತೆಗೆದುಕೊಂಡು ಕಿಟಕಿಗೆ ಒರಗಿದೆ.