ಬಲ ಹೆಗಲಿನ ಮುಳ್ಳು

ಅವರ ಬಲಗೈ ಹೆಬ್ಬೆರಳಿನಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಐವತ್ತು ವರ್ಷ ಉಣ್ಣೆಯ ನೂಲು ಒಂದೇ ಜಾಗದಲ್ಲಿ ಜಾರಿ ಜಾರಿ ಚರ್ಮದಲ್ಲಿ ಬಿದ್ದ ಗೆರೆ ಅದು. ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ ಬೆರಳಿಗೆ ಕಾಯಂ. ಸೋಪು ಹಚ್ಚಿ ತೊಳೆದು ಊಟಕ್ಕೆ ಕೂತರೂ ಹೋಗುತ್ತಿರಲಿಲ್ಲ. ಬೈಲಹೊಂಗಲದ ನಮ್ಮ ಓಣಿಯವರೆಲ್ಲ ಅವರನ್ನು ಕಂಬಳಿ ಕಾಕಾ ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯದಿರಲು ಕಾರಣವಿದೆ. ಅದು ಅವರೇ ಕೊಟ್ಟದ್ದು.

ನಮ್ಮ ಎದುರು ಮನೆ ಅವರದು. ಪಡಸಾಲೆಯಲ್ಲಿ ಗುಣಿ ಮಗ್ಗ. ಕಾಲು ಗುಣಿಯೊಳಗೆ, ಕಣ್ಣು ಓಣಿಯ ಮೇಲೆ. ವಾರಕ್ಕೊಮ್ಮೆ ನೇಸರಗಿ ಸಂತೆಗೆ ಹೋಗುವಾಗ ಕಂಬಳಿಯ ಹೊರೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಅವರ ಜೊತೆ ಸಂತೆಯಲ್ಲಿ ಕೂತಿದ್ದೆ. ಗಿರಾಕಿ ಕಂಬಳಿ ಬಿಚ್ಚುವ ಮೊದಲೇ ಇವರು ಬೆರಳಿಟ್ಟು ತೋರಿಸಿದರು: "ಇಲ್ಲೊಂದು ಎಳಿ ಹರದಿತ್ರಿ, ಕೂಡಿಸೇನಿ. ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ." ನಾನು ಕೆಲಸ ಮಾಡಿದ ಪತ್ರಿಕೆಯಲ್ಲಿ ತಪ್ಪೊಪ್ಪಿಗೆಯನ್ನು ಒಳಪುಟದ ಮೂಲೆಯಲ್ಲಿ ಹಾಕುತ್ತಿದ್ದೆವು. ಕಾಕಾ ಮೊದಲ ಪುಟದಲ್ಲೇ ಹಾಕುತ್ತಿದ್ದರು.

ಆ ಪತ್ರಿಕೆಯಲ್ಲಿ ಸುದ್ದಿಯ ಜೊತೆಗೆ ಬೇಕಾಗುವ ನಕ್ಷೆ, ಚಿತ್ರ ಬರೆಯುವುದು ನನ್ನ ಕೆಲಸವಾಗಿತ್ತು. ಆ ವಿಭಾಗವನ್ನೇ ಮುಚ್ಚಿದರು. ಊರಿಗೆ ಬಂದು ಮನೆಯಿಂದಲೇ ಮಾಡುವ ಕೆಲಸ ಹುಡುಕಿದೆ. ವಿದೇಶದ ಒಂದು ಸಣ್ಣ ಕಂಪನಿ ಯುದ್ಧತಂತ್ರದ ವಿಡಿಯೊ ಗೇಮ್ ತಯಾರಿಸುತ್ತಿತ್ತು. ಸಾವಿರ ವರ್ಷಗಳ ಹಿಂದೆ ಯುರೋಪಿನ ಉತ್ತರದ ಚಳಿನಾಡಿನಿಂದ ಹಡಗಿನಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗ್ ಯೋಧನ ರೂಪವನ್ನು, ಇತಿಹಾಸಕ್ಕೆ ದೂರವಾಗದಂತೆ ಬರೆದುಕೊಡಬೇಕಿತ್ತು. ಮೂರು ಅವಕಾಶ. ಮೂರನೆಯದೂ ಒಪ್ಪಿಗೆಯಾಗದಿದ್ದರೆ ಕೆಲಸ ಬೇರೆಯವರಿಗೆ. ನನಗಾಗ ನಲವತ್ತಾರು ವರ್ಷ. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ.

ಎರಡು ಚಿತ್ರ ತಿರುಗಿ ಬಂದವು. ಎರಡನೆಯದರ ಜೊತೆ ಒಂದು ಟಿಪ್ಪಣಿ ಇತ್ತು: "ಬಟ್ಟೆ, ಆಯುಧ ಎಲ್ಲ ಪುಸ್ತಕದಲ್ಲಿರುವಂತೆಯೇ ಇವೆ. ಆದರೆ ಈ ಮನುಷ್ಯ ಇವನ್ನು ಒಂದು ದಿನವೂ ತೊಟ್ಟಂತಿಲ್ಲ." ಅದನ್ನು ಓದಿ, ಟ್ಯಾಬ್ ಹಿಡಿದುಕೊಂಡೇ ಎದುರು ಮನೆಯ ಕಟ್ಟೆಗೆ ಹೋಗಿ ಕೂತೆ.

"ಏನ್ರೀ ಪೇಪರಿನವ್ರ, ಮಾರಿ ಯಾಕ ಹಿಂಗ ಹುಳಿ ಹುಳಿ?"

ಚಿತ್ರ ತೋರಿಸಿದೆ. ಕಾಕಾ ಮಗ್ಗ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ನೋಡಿದರು.

"ಇವ ಎಡಚ ಏನ್ರೀ?"

"ಇಲ್ಲ ಕಾಕಾ. ಬಲಗೈಯಾಗ ಕೊಡ್ಲಿ ಐತಲ್ಲ."

"ಮತ್ತ ಕಂಬಳಿ ಎಡಗಡೆ ಬಿಗದೀರಿ. ಬಲಗೈ ಒಳಗ ಸಿಕ್ಕೊಂಡೈತಿ. ಕೊಡ್ಲಿ ಎತ್ತಬೇಕಂದ್ರ ಮೊದಲ ಕಂಬಳಿ ಕಿತ್ತ ಒಗೀಬೇಕು. ಅಷ್ಟರಾಗ ಎದುರಿನಂವ ಇವನ ಕತಿ ಮುಗಿಸಿ, ಮನಿಗೆ ಹೋಗಿ ಉಂಡು ಮಲಗಿರತಾನ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಸೊಸೆ ನಕ್ಕಿದ್ದು ಕೇಳಿಸಿತು.

"ಮತ್ತ ಇದೇನು, ಹಿಂದ ಹಾರಾಕತ್ತೈತಿ?"

"ಗಾಳಿ, ಕಾಕಾ."

"ಗಾಳಿಗೆ ಹಾರಿದ್ರ ಅದು ದುಪಟ್ಟಾ. ಏಳ್ರಿ ಮ್ಯಾಲ."

ಅಂಗಳದಲ್ಲಿ ನಿಲ್ಲಿಸಿ, ಹೊಸ ಕಂಬಳಿಯೊಂದನ್ನು ನನ್ನ ಮೈಗೆ ಸುತ್ತಿದರು. ಎರಡು ತುದಿಗಳನ್ನೂ ಬಲ ಹೆಗಲ ಮೇಲೆ ತಂದು ಉದ್ದನೆಯ ಜಾಲಿ ಮುಳ್ಳು ಚುಚ್ಚಿ ಬಿಗಿದರು. ಆಮೇಲೆ ನೀರಿನ ಕೊಡ ಎತ್ತಿದರು.

"ಮಾವಾರ, ಅವ್ರು ಶಾಣ್ಯಾ ಮಂದಿ ಅದಾರ, ನೀರ ಹಾಕಬ್ಯಾಡ್ರಿ!" ಎಂದು ಸೊಸೆ ಹೊರಗೆ ಓಡಿ ಬಂದರು.

"ಶಾಣ್ಯಾರಾದ್ರೂ ಒಮ್ಮೆ ತೋಯಬೇಕವ್ವಾ. ಇಲ್ಲಂದ್ರ ತಿಳಿಯೂದಿಲ್ಲ."

ಮೊದಲ ಕೊಡದ ನೀರು ಉಣ್ಣೆಯ ಮೇಲೆ ಉರುಳಿ ಹೋಯಿತು. ಗಂಜಿಯ ಗುಣ ಅದು. ಎರಡನೆಯದು ಒಳಗಿಳಿಯಿತು. ಕಂಬಳಿ ಕಲ್ಲಿನಷ್ಟು ಭಾರವಾಗಿ ನೇರ ಕೆಳಗೆ ಜೋತುಬಿತ್ತು. ಎಡ ಹೆಗಲು ತಾನಾಗಿ ಇಳಿಯಿತು, ಕಾಲುಗಳು ಅಗಲವಾದವು, ಒರಟು ಅಂಚು ಕುತ್ತಿಗೆಗೆ ತಾಗಿ ಗದ್ದ ಮೇಲೆದ್ದಿತು. ಬಲಗೈ ಮಾತ್ರ ಪೂರ್ತಿ ಬಿಡುವಾಗಿತ್ತು. ಸೊಸೆ ಆ ಕೈಗೆ ಲಟ್ಟಣಿಗೆ ಕೊಟ್ಟರು. ನನ್ನ ಹೆಂಡತಿ ನಮ್ಮ ಮನೆಯ ಮಾಳಿಗೆಯಿಂದ ಫೋಟೊ ತೆಗೆದಳು. ಓಣಿಯಲ್ಲಿ ಆ ಫೋಟೊ ನೋಡದವರು ಈಗ ಯಾರೂ ಉಳಿದಿಲ್ಲ.

ಮೇಲಿನಿಂದ ತೆಗೆದ ಆ ಫೋಟೊ ನೋಡುತ್ತಿದ್ದಾಗಲೇ ನನ್ನ ಇನ್ನೊಂದು ತೊಡಕನ್ನೂ ಕಾಕಾನಿಗೆ ಹೇಳಿದೆ. ಈ ಆಟದಲ್ಲಿ ಜನರನ್ನು ಎತ್ತರದಿಂದ ನೋಡುತ್ತೇವೆ. ಒಬ್ಬೊಬ್ಬರೂ ಉಗುರಿನಷ್ಟು. ರೈತ ಯಾರು, ಯೋಧ ಯಾರು, ಮುಖಂಡ ಯಾರು ಎಂಬುದು ನೋಡಿದೊಡನೆ ತಿಳಿಯಬೇಕು.

ಕಾಕಾ ಯೋಚಿಸಲೇ ಇಲ್ಲ. "ಸಣ್ಣಾಂವಿದ್ದಾಗ ಸವದತ್ತಿ ಗುಡ್ಡದಾಗ ಕುರಿ ಕಾಯತಿದ್ದೆ. ಮ್ಯಾಲಿಂದ ಮಂದಿ ಮಾರಿ ಕಾಣೂದಿಲ್ರಿ, ಕಂಬಳಿ ಹೊತ್ತದ್ದು ಕಾಣತೈತಿ. ದುಡಿಯಾಕ ಹೊಂಟಾಂವ ಸೊಂಟಕ್ಕ ಸುತ್ತಿರತಾನ. ಬಡದಾಡಾಕ ಹೊಂಟಾಂವ ಬಲಗೈ ಬಿಟ್ಟಿರತಾನ. ಹಿರ್ಯಾ ಎರಡೂ ಹೆಗಲ ಮುಚ್ಚಿ ಸಾವಕಾಶ ಬರತಾನ. ಅವಗ ಕೈಲೇ ಮಾಡೂ ಕೆಲಸ ಇರೂದಿಲ್ಲಲ್ಲ!"

ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ಕೇಳಿ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂಬುದು ನಾನು ಕಲಿತ ಶಿಸ್ತು. ಹುಡುಕಿದೆ. ಆ ಕಾಲದ ಗಂಡಸರು ಹೊದಿಕೆಯನ್ನು ಬಲ ಹೆಗಲಿಗೆ ಪಿನ್ನು ಹಾಕಿ, ಆಯುಧ ಹಿಡಿಯುವ ಕೈಯನ್ನು ಬಿಡುವಾಗಿ ಇಟ್ಟುಕೊಳ್ಳುತ್ತಿದ್ದರು ಎಂದು ನಾನು ನೋಡಿದ ಎರಡು ಪುಸ್ತಕಗಳೂ ಹೇಳಿದವು. ಮೊದಲೂ ಆ ಪುಟ ಓದಿದ್ದೆ. ಮುಳ್ಳು ಚುಚ್ಚಿಸಿಕೊಳ್ಳುವ ತನಕ ಅರ್ಥವಾಗಿರಲಿಲ್ಲ, ಅಷ್ಟೆ. ಕಾಕಾ ಹೇಳಿದ್ದೆಲ್ಲ ಸರಿಯಿತ್ತು ಎಂದೇನೂ ಇಲ್ಲ. ಯೋಧನಿಗೆ ಪಾಯಜಾಮೆ ಬೇಡ, ಕಚ್ಚೆ ಹಾಕಿ ಧೋತರ ಉಡಿಸಿ ಎಂದು ಎರಡು ದಿನ ವಾದಿಸಿದರು. ಅದೊಂದನ್ನು ನಾನು ಕೇಳಲಿಲ್ಲ.

ಮೂರನೆಯ ಚಿತ್ರದಲ್ಲಿ ಹೊದಿಕೆ ಹಾರಲಿಲ್ಲ. ಒದ್ದೆಯಾಗಿ ಜೋತುಬಿದ್ದಿತ್ತು, ಎಡ ಹೆಗಲು ಇಳಿದಿತ್ತು. ಕಂಪನಿ ಒಪ್ಪಿತು. ರೈತ, ಮುಖಂಡ, ಅಂಬಿಗ, ಉಳಿದವರನ್ನೆಲ್ಲ ನನಗೇ ಕೊಟ್ಟಿತು. ಈ ಮಾತಿಗೆ ಮೂರು ವರ್ಷವಾಯಿತು. ನಾನು ಇನ್ನೂ ಅದೇ ಓಣಿಯಲ್ಲಿ, ಅದೇ ಕೆಲಸದಲ್ಲಿದ್ದೇನೆ.

ಆಟ ಅರ್ಧ ಸಿದ್ಧವಾದಾಗ ಕಾಕಾನಿಗೆ ತೋರಿಸಿದೆ. ಪರದೆಯ ಗುಡ್ಡದ ಮೇಲೆ ನೂರಾರು ಜನ ನಡೆದಾಡುತ್ತಿದ್ದರು. ಅವರು ಬಹಳ ಹೊತ್ತು ನೋಡಿ ಕೇಳಿದರು:

"ಕುರಿ ಎಲ್ಲಿ?"

"ಕುರಿ ಇಲ್ಲ ಕಾಕಾ. ಯುದ್ಧದ ಆಟ ಇದು."

"ಇಷ್ಟ ಮಂದಿ ಕಂಬಳಿ ಹೊತ್ತಾರ. ಉಣ್ಣಿ ಎಲ್ಲಿಂದ ಬಂತು? ಆಕಾಶದಿಂದ ಉದರಿತೇನು?"

ಮೂಲ ಯಾವುದು ಎಂದು ಸುದ್ದಿಮನೆಯಲ್ಲಿ ನನ್ನನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕಂಪನಿಗೆ ಬರೆದೆ. ಈಗ ಆ ಆಟದ ಪ್ರತಿ ಹಳ್ಳಿಯಲ್ಲೂ ಒಂದು ಕುರಿದೊಡ್ಡಿ ಇದೆ.

ಆಟದ ಕೊನೆಗೆ ನೆರವಾದವರ ಹೆಸರು ಹಾಕುತ್ತಾರೆ, ನಿಮ್ಮದನ್ನೂ ಕಳಿಸುತ್ತೇನೆ ಎಂದಾಗ ಕಾಕಾ ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ನಾ ಇಷ್ಟ ಕಂಬಳಿ ನೇಯ್ದೆ, ಯಾವದರ ಮ್ಯಾಲರ ಹೆಸರು ಬರದೇನೇನು? ಸಂತ್ಯಾಗ ಮಂದಿ ಅಂಚ ನೋಡಿ ಗುರ್ತ ಹಿಡೀತಾರ. ಅಷ್ಟ ಸಾಕು."

ಅವರ ಅಂಚು ಎಂದರೆ ಎರಡು ಬಿಳಿ ಎಳೆ, ನಡುವೆ ಒಂದು ಕೆಂಪು. ಅದನ್ನೇ ಯೋಧನ ಹೊದಿಕೆಯ ಅಂಚಿಗೆ ಬರೆದೆ. ಆಟದಲ್ಲಿ ತೀರ ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ.

ಆಟ ಹೊರಬರುವ ಮೊದಲೇ, ಕಳೆದ ಚಳಿಗಾಲದಲ್ಲಿ, ಎಂಟು ದಿನದ ಜ್ವರದಲ್ಲಿ ಕಾಕಾ ತೀರಿಕೊಂಡರು. ಮಗ್ಗದಲ್ಲಿ ಅರ್ಧ ಕಂಬಳಿ ಉಳಿದಿತ್ತು. ಸೊಸೆ ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದಾರೆ.

ಮಣ್ಣು ಮಾಡಿ ಬಂದ ವಾರವೇ ಕಂಪನಿಯಿಂದ ಕೊನೆಯ ಪಟ್ಟಿ ಬಂತು. ಯೋಧನ ಮೈಮೇಲಿರುವ ಪ್ರತಿಯೊಂದಕ್ಕೂ ಮೂಲ ಯಾವುದೆಂದು ಬರೆಯಬೇಕು. ಕೊಡಲಿಗೆ ಒಂದು ಪುಸ್ತಕದ ಹೆಸರು ಬರೆದೆ, ಶಿರಸ್ತ್ರಾಣಕ್ಕೆ ಇನ್ನೊಂದು. ಕೊನೆಗೆ ಹೊದಿಕೆಯ ಅಂಚಿನ ಸಾಲು ಉಳಿಯಿತು. ಅದಕ್ಕೆ ಪುಸ್ತಕದ ಆಧಾರವಿರಲಿಲ್ಲ; ಇದೆ ಎಂದು ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಕಾಕಾ ಸಂತೆಯಲ್ಲಿ ಬೆರಳಿಟ್ಟು ತೋರಿಸಿದಂತೆ ನಾನೂ ಇದ್ದದ್ದನ್ನೇ ಬರೆದೆ: ಇತಿಹಾಸದ್ದಲ್ಲ, ಸೇರಿಸಿದ್ದು. ಬೇಡವಾದರೆ ತೆಗೆಯಿರಿ. ಮೂಲ, ನಮ್ಮ ಎದುರು ಮನೆ.

ಕಂಪನಿಯವರು ತೆಗೆಯಲಿಲ್ಲ.