ಅವ್ವ ಒತ್ತಿ ನೋಡಿದ ಏಡಿಗಳು

ಈ ಸಲ ಏಡಿ ಹಿಡಿಯಲು ಹೋಗೋಣ ಎಂದವಳು ಅವ್ವನೇ. ನಾನು, ನಮ್ಮವರು, ಮಗಳು ಮೂವರೂ ಕುಮಟೆಯಿಂದ ತಿಂಗಳಿಗೊಮ್ಮೆ ಹೊನ್ನಾವರಕ್ಕೆ ಅವಳನ್ನು ನೋಡಲು ಹೋಗುತ್ತೇವೆ. ಅವಳು ಪೇಟೆಯಲ್ಲಿ ಮೀನು ಮಾರುವವಳು. ಬುಟ್ಟಿ ಹೊತ್ತು ತಲೆಯ ನಡುವಿನ ಕೂದಲೇ ಸವೆದಿದೆ. ಹೋದಾಗಲೆಲ್ಲ ನಾನು, "ಸಾಕು ಮಾಡೇ, ನಮ್ಮಲ್ಲಿಗೆ ಬಾ" ಎನ್ನುವುದು, ಅವಳು ಕಿವುಡಿಯಂತೆ ಎದ್ದು ಹೋಗುವುದು ರೂಢಿಯಾಗಿಬಿಟ್ಟಿತ್ತು. ಅಂಥವಳಿಗೆ ಏಡಿ ಹಿಡಿಯುವ ಮೋಜು ಎಲ್ಲಿಂದ ಬಂತೋ ತಿಳಿಯಲಿಲ್ಲ.

ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತು. "ಹುಣ್ಣಿಮೆ ಏಡಿ ಪೊಳ್ಳು ಅಂತ ನೀನೇ ಹೇಳ್ತಿದ್ಯಲ್ಲೇ" ಅಂದೆ.

"ನಿಂಗೆ ರಜೆ ಆಯ್ತವಾರ. ಏಡಿಗೆ ಆಯ್ತವಾರ ಗೊತ್ತದ್ಯಾ? ಸುಮ್ನೆ ನಡಿ."

ಮಾವಿನಕುರ್ವೆಯ ಹತ್ತಿರ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮಧ್ಯೆ ಹೊಳೆಯ ನೀರು ಒಳಗೆ ಬರುವ ಒಂದು ಜಾಗವಿದೆ. ನಾವು ಹೋದಾಗ ನೀರು ಏರುತ್ತಿತ್ತು. ಮೀನಿನ ತಲೆಯನ್ನು ಸುತಳಿಗೆ ಕಟ್ಟಿ ಬಿಡಬೇಕು. ಸುತಳಿ ಬಿಗಿಯಾಯಿತೆಂದರೆ ಮೆಲ್ಲಗೆ, ಏಡಿಗೆ ಅನುಮಾನ ಬಾರದಷ್ಟು ಮೆಲ್ಲಗೆ ಎಳೆಯಬೇಕು. ಅದು ಕಣ್ಣಿಗೆ ಬೀಳುತ್ತಲೇ ಅಡಿಯಿಂದ ಕೈಬಲೆ ಒಡ್ಡಬೇಕು. ಅವಸರ ನನ್ನ ಹುಟ್ಟುಗುಣ, ಮೊದಲ ಮೂರೂ ನನ್ನ ಕೈತಪ್ಪಿ ಹೋದವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮವರಿಗೆ ಕೆಸರು ಮೊಣಕಾಲಿನ ತನಕ ಬಂದರೂ ಮೊಸರಿನ ಸುದ್ದಿಯಿರಲಿಲ್ಲ. ಕೊನೆಗೆ ಮೊದಲ ಏಡಿ ಸಿಕ್ಕಿದ್ದು ನನ್ನ ಮಗಳಿಗೆ. ಅವಳು ಕಿರುಚಿದ್ದಕ್ಕೆ ಆಚೆ ದಡದ ಕೊಕ್ಕರೆಗಳು ಎದ್ದು ಹೋದವು.

ನಮ್ಮವರು ಏಡಿಯ ಕಚ್ಚುವ ಕೊಂಬುಗಳನ್ನು ಸುತಳಿಯಿಂದ ಬಿಗಿದು ಅವ್ವನ ಕೈಗೆ ಕೊಟ್ಟರು. ಏಡಿಯ ಹೊಟ್ಟೆಯ ಕಡೆ, ಹಿಂಗಾಲಿನ ಬುಡದಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡುವುದು ಅವ್ವನ ಕ್ರಮ. ಗಟ್ಟಿಯಿದ್ದರೆ ಒಳಗೆ ಮಾಂಸ ತುಂಬಿದೆ, ತಗ್ಗಿದರೆ ಪೊಳ್ಳು. ಪೊಳ್ಳನ್ನು ಅವಳು ಬುಟ್ಟಿಗೆ ಸೇರಿಸುವುದೇ ಇಲ್ಲ. ಅವಳು ತುಂಬಿದೆ ಎಂದ ಏಡಿಯನ್ನು ಪೇಟೆಯಲ್ಲಿ ಎಲ್ಲರೂ ಮತ್ತೆ ಒತ್ತಿ ನೋಡದೆಯೇ ಕೊಳ್ಳುತ್ತಿದ್ದರು. ಮಗಳಾಗಿ ನನಗೆ ಅದರ ಹೆಮ್ಮೆಯೂ ಇದೆ, ಅವಳೆದುರು ಹೇಳಿದ್ದು ಮಾತ್ರ ಕಡಿಮೆ.

ಆ ದಿನ ಅವಳು ಒಂದೊಂದು ಏಡಿಗೂ ಬಹಳ ಹೊತ್ತು ತೆಗೆದುಕೊಂಡಳು. ಒಂದು ಹೆಬ್ಬೆರಳಲ್ಲಿ ಒತ್ತಿದಳು, ಇನ್ನೊಂದರಲ್ಲಿ ಒತ್ತಿದಳು, ಕೈಯಲ್ಲೇ ತೂಗಿ ನೋಡಿದಳು. "ಬೇಗ ಹೇಳೇ, ಪಂಚಾಂಗ ನೋಡ್ತಿದ್ಯಾ?" ಎಂದು ರೇಗಿಸಿದೆ. ಒಂಬತ್ತರಲ್ಲಿ ಮೂರನ್ನು ನೀರಿಗೆ ಬಿಟ್ಟು ಆರನ್ನು ಬಕೆಟ್ಟಿಗೆ ಹಾಕಿಸಿದಳು.

ಮನೆಗೆ ಬಂದು ಅವ್ವ ಮಸಾಲೆ ಅರೆದಳು. ನಾನು ಏಡಿ ಒಡೆಯಲು ಕುಳಿತೆ. ಮೊದಲನೆಯದರಲ್ಲಿ ಬರೀ ನೀರು. ಎರಡನೆಯದರಲ್ಲೂ ನೀರು. ಆರರಲ್ಲಿ ನಾಲ್ಕು ಪೊಳ್ಳು. ಅಂತೂ ಸಾರು ಮಾಡಿ ಎಲ್ಲರೂ ಉಣ್ಣಲು ಕುಳಿತೆವು. ನಮ್ಮವರು ಪಾಪ, ಮರ್ಯಾದೆಗೆ ಖಾಲಿ ಕಾಲನ್ನೇ ಚೀಪುತ್ತಿದ್ದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಎಂತದೇ ಅವ್ವ ಇದು? ಪೇಟೇಲೂ ಇಂತದ್ದನ್ನೇ ತುಂಬಿದ್ದು ಅಂತ ದಾಟಿಸ್ತ್ಯಾ?"

ಮಗಳು ನಕ್ಕಳು. ಅವ್ವ ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು.

"ಪೇಟೇಲಿ ಏಡಿ ಮಾರೂದು ಬಿಟ್ಟು ನಾಕು ತಿಂಗ್ಳಾತು" ಅಂದಳು. "ಬೆರಳಿಗೆ ಎಂತದೂ ಗೊತ್ತಾಗೂದಿಲ್ಲ ಮಗಾ. ಸಕ್ಕರೆ ಕಾಯಿಲೆದು ಅಂದ್ರು ಡಾಕ್ಟ್ರು. ಗುಳಿಗೆ ತಿಂತಾ ಇದ್ದೆ, ಈಗ ಸಮ ಆಯ್ತೇನೋ ಅಂತ ಒಂದ್ಸಲ ನೋಡೂಕೆ ಹೋದದ್ದು. ನಿಮ್ಮ ಹತ್ರ ತಪ್ಪಿದ್ರೆ ಬೈಸ್ಕಂಡ್ರೆ ಮುಗೀತು. ಗಿರಾಕಿಗೆ ಪೊಳ್ಳು ಕೊಡೂಕಾಗ್ತದ್ಯಾ?"

ನನಗೆ ನಾಚಿಕೆಯಾಯಿತು. ನಾಲ್ಕು ತಿಂಗಳಲ್ಲಿ ನಾಲ್ಕು ಸಲ ಇದೇ ಮನೆಯಲ್ಲಿ ಉಂಡು ಹೋಗಿದ್ದೆ. ಏಡಿ ಯಾಕಿಲ್ಲ ಎಂದು ಕೇಳಿದರೆ "ಸಿಗ್ಲಿಲ್ಲ" ಎನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ಅವಳ ಬೆರಳನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

"ನಂಗೆ ಎಂತಕ್ಕೆ ಹೇಳಿಲ್ಲ?" ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಹೇಳಿದ್ರೆ ನೀ ಬುಟ್ಟಿನೇ ಬಿಡು ಅಂತಿದ್ದೆ. ಬಂಗಡೆ ತಾಜಾ ಅದ್ಯೋ ಇಲ್ವೋ ಕಣ್ಣಿಗೇ ಗೊತ್ತಾಗ್ತದೆ. ಅದಕ್ಕೆ ಬೆರಳು ಎಂತಕ್ಕೆ?"

ಹೌದು, ಹಾಗೇ ಹೇಳುತ್ತಿದ್ದೆ. ಆಗಲೂ ಅದೇ ಮಾತು ಬಾಯಿಯ ತನಕ ಬಂದಿತ್ತು. ಅನ್ನದ ಜೊತೆ ನುಂಗಿಕೊಂಡು, ಇನ್ನಷ್ಟು ಸಾರು ಬಡಿಸು ಎಂದು ತಟ್ಟೆ ಮುಂದೆ ಹಿಡಿದೆ.