ಒಡೆಯದ ಕಡಲೆಕಾಯಿ

ನನ್ನ ಔಷಧಿ ಚೀಲದ ಚಿಕ್ಕ ಜೇಬಿನಲ್ಲಿ, ಥರ್ಮಾಮೀಟರಿನ ಪಕ್ಕ, ಒಂದು ಹುರಿದ ಕಡಲೆಕಾಯಿ ಇದೆ. ಎರಡು ಬೀಜದ್ದು, ನಡು ಸಣ್ಣದು, ಸಿಪ್ಪೆಯ ಮೇಲೆ ಒಂದು ಕಡೆ ಹೆಬ್ಬೆರಳು ಒತ್ತಿದ ಗುರುತು. ದನದ ಡಾಕ್ಟರ ಚೀಲದಲ್ಲಿ ಏನೇನಿರುತ್ತದೆಯೋ ನಿಮಗೆ ತಿಳಿದಿರಲಾರದು, ಕಡಲೆಕಾಯಿಯಂತೂ ಇರಬೇಕಾದದ್ದಲ್ಲ. ಹಸಿವಾದಾಗ ಬಾಯಿಗೆ ಹಾಕಿಕೊಳ್ಳಲೆಂದು ಇಟ್ಟುಕೊಂಡದ್ದೂ ಅಲ್ಲ. ಅದರ ವೃತ್ತಾಂತ ಹೇಳಬೇಕೆಂದರೆ ನಾನು ಈ ಮದ್ದೂರಿಗೆ ಬಂದಲ್ಲಿಂದಲೇ ಶುರುಮಾಡಬೇಕು. ಸ್ವಲ್ಪ ತಾಳ್ಮೆಯಿರಲಿ.

ಪುತ್ತೂರಿನಿಂದ ಇಲ್ಲಿಗೆ ವರ್ಗವಾಗಿ ಬಂದಾಗ ಸಾಮಾನಿನ ಜೊತೆ ಒಂದು ರಟ್ಟಿನ ಪೆಟ್ಟಿಗೆಯೂ ಬಂತು. ಅದರಲ್ಲಿ ನಾನು ಬರೆದ ನೋಟ್‌ಪುಸ್ತಕಗಳಿದ್ದವು. ಪುತ್ತೂರಿನಲ್ಲಿ ನಾವು ಐದಾರು ಜನ ಬರೆಯುವ ಗೆಳತಿಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಓದಿ, ಚಕ್ಕುಲಿ ತಿಂದು, ‘ತುಂಬಾ ಚಂದ ಆಗಿದೆ’ ಎಂದು ಪರಸ್ಪರ ಹೇಳಿಕೊಂಡು ಹನ್ನೆರಡು ವರ್ಷ ಸುಖವಾಗಿದ್ದೆವು. ಇಲ್ಲಿ ಬಂದ ಮೇಲೆ ಎಂಟು ತಿಂಗಳು ಒಂದು ಸಾಲೂ ಹುಟ್ಟಲಿಲ್ಲ. ನಾನು ‘ಹೋಗ್ತೇನೆ, ಬರ್ತೇನೆ’ ಎಂದರೆ ಕೊಟ್ಟಿಗೆಯಲ್ಲಿದ್ದವರು ಮುಸಿಮುಸಿ ನಗುತ್ತಿದ್ದರು. “ಏನ್ ಡಾಕ್ಟ್ರಮ್ಮ, ರೇಡಿಯೋದೋರು ಮಾತಾಡ್ದಂಗೆ ಮಾತಾಡ್ತೀರಾ!” ಎಂದು ಒಬ್ಬಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಯುಗಾದಿಯೊಳಗೆ ಏನೂ ಬರೆಯಲಾಗದಿದ್ದರೆ ಆ ಪೆಟ್ಟಿಗೆಯನ್ನು ಹಳೇ ಪೇಪರಿನವನಿಗೆ ಕೊಟ್ಟು, ಬರೆಯುವ ಹುಚ್ಚಿಗೆ ಎಳ್ಳುನೀರು ಬಿಡುವುದೆಂದು ನಿಶ್ಚಯಿಸಿದೆ. ಹಟಕ್ಕೆ ಹೇಳಿದ ಮಾತಲ್ಲ, ನಿಜವಾಗಿಯೂ ಬಿಡುವವಳಿದ್ದೆ.

ನನ್ನ ಕಸುಬಿನಲ್ಲಿ ಇದು ಹೊಸದೇನಲ್ಲ. ಕೊಂಡು ತಂದ ಹಸುವನ್ನು ಹೊಸ ಕೊಟ್ಟಿಗೆಯಲ್ಲಿ ಕಟ್ಟಿದರೆ, ಕೆಚ್ಚಲು ತುಂಬಿ ಬಿಗಿದಿದ್ದರೂ ಅದು ಹಾಲಿಳಿಸುವುದಿಲ್ಲ. ಮನೆಯವರು ಕಂಗಾಲಾಗಿ ನನಗೆ ಫೋನು ಮಾಡುತ್ತಾರೆ. ರೋಗವಿಲ್ಲ, ಜ್ವರವಿಲ್ಲ, ಕಾಯಿರಿ, ಮೈ ಸವರಿ, ಪಕ್ಕದಲ್ಲಿ ಇನ್ನೊಂದು ಹಸು ಕಟ್ಟಿ ಎಂದು ಹೇಳಿ ಬರುತ್ತೇನೆ. ಹೀಗೆ ಊರ ದನಗಳಿಗೆಲ್ಲ ಬುದ್ಧಿ ಹೇಳುವವಳಿಗೆ ತನ್ನ ಕಾಯಿಲೆ ಯಾವುದೆಂದು ಹೊಳೆಯಲಿಲ್ಲ ನೋಡಿ.

ಒಂದು ದಿನ ಆತಗೂರಿನ ನಿಂಗೇಗೌಡರ ಮನೆಗೆ ಹೋಗಿದ್ದೆ. ಅರವತ್ತರ ಆಸುಪಾಸಿನ ಒಕ್ಕಲಿಗರು, ಮಾತು ಕಡಿಮೆ, ಮೀಸೆ ಹೆಚ್ಚು. ಹಸುವಿಗೆ ಚುಚ್ಚುಮದ್ದು ಕೊಟ್ಟು, ಅದರ ಕಿವಿಬಿಲ್ಲೆಯ ನಂಬರು ಬರೆದುಕೊಳ್ಳಲು ಕಾಗದ ಕೇಳಿದೆ. ಅವರು ಸೂರಿನ ಗಳುವಿಗೆ ಸಿಕ್ಕಿಸಿದ್ದ ನೋಟ್‌ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟರು. ಆಸ್ಪತ್ರೆಗೆ ಬಂದು ನಂಬರನ್ನು ರಿಜಿಸ್ಟರಿಗೆ ಏರಿಸಿ, ಹಾಳೆಯನ್ನು ಬುಟ್ಟಿಗೆ ಹಾಕುವ ಮೊದಲು ಸುಮ್ಮನೆ ಮಗುಚಿದೆ. ದುಂಡಗಿನ ಪೆನ್ಸಿಲ್ ಅಕ್ಷರದಲ್ಲಿ ಹೀಗಿತ್ತು: ‘ನಮ್ಮವ್ವ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕೂರುತ್ತಿದ್ದಳು. ಅವಳು ಅತ್ತದ್ದನ್ನು ನಾವು ಯಾರೂ ನೋಡಿಲ್ಲ. ಹಸು ನೋಡಿರಬಹುದು. ಒಂದು ದಿನ ನಾನು’. ಅಲ್ಲಿಗೆ ಹಾಳೆ ಮುಗಿದಿತ್ತು.

ಒಂದು ದಿನ ನಾನು, ಏನು? ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಕೂಟರು ಹತ್ತಿ, ಕಬ್ಬು ತುಂಬಿದ ಎತ್ತಿನ ಗಾಡಿಗಳ ಸಂದಿಯಲ್ಲಿ ನುಸುಳಿ, ಪುನಃ ಆತಗೂರಿಗೆ ಹೋದೆ. ಏದುಸಿರು ಬಿಡುತ್ತ ಅಂಗಳಕ್ಕೆ ಬಂದ ನನ್ನನ್ನು ಕಂಡು ಗೌಡರ ಮುಖ ಬಿಳಿಚಿತು.

“ಯಾಕ್ರವ್ವಾ, ಔಸ್ದಿ ತೆಪ್ಪೋಯ್ತಾ?”

“ಇಲ್ಲ ಗೌಡ್ರೇ, ಇದರ ಮುಂದಿನ ಪುಟ ಬೇಕಿತ್ತು.”

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. ಹಸು ಸತ್ತುಹೋಗುತ್ತದೆ ಎಂದಿದ್ದರೂ ಅಷ್ಟು ಕಕ್ಕಾಬಿಕ್ಕಿಯಾಗುತ್ತಿರಲಿಲ್ಲವೇನೋ. ಕೊನೆಗೆ, “ಅದ್ನ ಇಲ್ಲಿ ಓದಾಕಿಲ್ಲ ಬುಡಿ. ಬಾನ್ವಾರ ಮದ್ಯಾನ ಪ್ಯಾಟೇಲಿ ಅನ್ವರ್ ಟೈಲರ್ ಅಂಗ್ಡಿಗ್ ಬನ್ನಿ. ನೀವೂ ಏನಾರ ಬರ್ದಿದ್ರೆ ತನ್ನಿ,” ಎಂದರು. ಹಿಂದಿರುಗುವ ದಾರಿಯಲ್ಲಿ ನಾನು ಹೆಲ್ಮೆಟ್ಟಿನೊಳಗೆ ಹಾಡು ಹೇಳಿಕೊಂಡೆ. ನಲವತ್ತೇಳು ವರ್ಷದ ಸರ್ಕಾರಿ ವೈದ್ಯೆಗೆ ಇದು ಶೋಭೆಯಲ್ಲ, ಆದರೂ ಹೇಳಿಕೊಂಡೆ.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಇಳಿಸಿತ್ತು. ಒಳಗೆ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಅನ್ವರ್ ಸಾಹೇಬರು ಗಿರಾಕಿಗಳು ಹೊಲಿಯಲು ಕೊಟ್ಟು ಒಯ್ಯದೇ ಹೋದ ಬಟ್ಟೆಗಳ ಬಗ್ಗೆ ಪದ್ಯ ಬರೆಯುತ್ತಾರೆ. ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದ ಜಯಮ್ಮ ಅಂಗನವಾಡಿಯ ಟೀಚರು, ಮಕ್ಕಳ ಕಥೆ ಅವರದು. ದುದ್ದದ ಕಡೆಯವರು, ಮಂಡ್ಯದವರು ಎಂದು ಇನ್ನೂ ಮೂರು ನಾಲ್ಕು ಮಂದಿ. ನಟ್ಟನಡುವೆ ಒಂದು ಮೊರದ ತುಂಬ ಹುರಿದ ಕಡಲೆಕಾಯಿ. ‘ಹೊಸಬರು ಮೊದಲು’ ಎಂದರು. ಪುತ್ತೂರಿನಲ್ಲಿ ಎಲ್ಲರೂ ಕೊಂಡಾಡಿದ್ದ, ನಮ್ಮ ಮನೆಯ ಹಲಸಿನ ಮರದ ಕುರಿತ ಹತ್ತು ಪುಟದ ಪ್ರಬಂಧವನ್ನೇ ಒಯ್ದಿದ್ದೆ. ಓದತೊಡಗಿದೆ. ಎರಡನೆಯ ಪುಟಕ್ಕೆ ಚಟ್ ಎಂದು ಒಂದು ಸದ್ದು. ಮೂರನೆಯದಕ್ಕೆ ಚಟಪಟ. ಆಹಾ, ಎಷ್ಟು ಹಾಯಾಗಿ ತಿನ್ನುತ್ತ ಕೇಳುತ್ತಿದ್ದಾರೆ ಎಂದು ನನಗೆ ಖುಷಿಯೋ ಖುಷಿ. ಐದನೆಯ ಪುಟದಲ್ಲಿ ಓದು ನಿಲ್ಲಿಸಿ, ದೂರದಲ್ಲಿದ್ದವರಿಗೆ ಎಟುಕಲೆಂದು ಮೊರವನ್ನು ನಾನೇ ಅವರತ್ತ ತಳ್ಳಿದೆ. ಅವರು ಮುಖ ಮುಖ ನೋಡಿಕೊಂಡರು.

ಓದಿ ಮುಗಿಸಿದಾಗ ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಜಯಮ್ಮ ಸಿಪ್ಪೆ ಗುಡ್ಡೆ ಮಾಡಿ ನಕ್ಕರು. “ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ. ನಮ್ ಗುಂಪಲ್ಲಿ ಬಾಯಲ್ ಏನೂ ಯೋಳಕಿಲ್ಲ. ಬರ್ದಿರೋದು ಇಡ್ದು ಕೂರ್ಸಿದ್ರೆ ಕೈ ನಿಂತೋಯ್ತದೆ. ಇಲ್ದಿದ್ರೆ ಬ್ಯಾಸ್ರಕ್ಕೆ ಕೈ ಕಡ್ಲೆಕಾಯ್ಗೆ ಓಯ್ತದೆ. ನನ್ ಮೊದಲ್ನೇ ಕತೆಗೆ ಮೊರವೇ ಕಾಲಿಯಾಗಿತ್ತು!”

ನನ್ನ ಕಿವಿಯವರೆಗೆ ಬಿಸಿಯೇರಿತು. ಮೊರವನ್ನು ಬೇರೆ ಕೈಯಾರೆ ತಳ್ಳಿದ್ದೆನಲ್ಲ! ಅನ್ವರ್ ಸಾಹೇಬರು ಮೆಲ್ಲಗೆ, “ನಿಮ್ ಬರವಣ್ಗೆ ಇಸ್ತ್ರಿ ಮಾಡಿದ್ ಸೀರೆ ಇದ್ದಂಗದೆ, ಡಾಕ್ಟ್ರಮ್ಮ. ಉಟ್ಕಂಡೋರು ಮಾತ್ರ ಕಾಣ್ಲಿಲ್ಲ,” ಎಂದರು. “ಲೇ ಸುಮ್ಕಿರ್ಲಾ ಅನ್ವರಾ, ಮೊದಲ್ನೇ ದಿನಾನೇ ಎದುರುಸ್ಬ್ಯಾಡ,” ಎಂದು ಗೌಡರು ಗದರಿ, ಸೂರಿನ ಆ ನೋಟ್‌ಪುಸ್ತಕವನ್ನು ತೆರೆದರು. ‘ಒಂದು ದಿನ ನಾನು ಆ ಹಸುವಿನ ಇನ್ನೊಂದು ಪಕ್ಕದಲ್ಲಿ ಕೂತೆ’ ಎಂದು ಅದು ಮುಂದುವರಿಯುತ್ತಿತ್ತು. ಹಸುವಿನ ಒಡಲಿನ ಆಚೆಗೆ ತಾಯಿ, ಈಚೆಗೆ ಮಗ, ನಡುವೆ ಮಾತಿಲ್ಲ. ಅವರು ಓದಿ ಮುಗಿಸುವವರೆಗೆ ನನ್ನ ಕೈ ಮೊರದ ಕಡೆಗೆ ಹೋಗಲಿಲ್ಲ.

ಮನೆಗೆ ಬರುವಾಗ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಹನ್ನೆರಡು ವರ್ಷದಲ್ಲಿ ನನ್ನೆದುರು ಯಾರೂ ಹೀಗೆ ಮಾಡಿರಲಿಲ್ಲ. ಆದರೆ ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಸಿಟ್ಟಿನ ಅಡಿಯಲ್ಲಿ ಮತ್ತೊಂದೇನೋ ಮಿಸುಕಾಡತೊಡಗಿತ್ತು. ಪುತ್ತೂರಿನ ಗೆಳತಿಯರು ನನ್ನನ್ನು ಪ್ರೀತಿಸಿದರು, ಆದ್ದರಿಂದ ನನ್ನ ಬರಹವನ್ನೂ ಪ್ರೀತಿಸಿದರು; ಅದರಲ್ಲಿ ತಪ್ಪೇನಿಲ್ಲ, ಇವತ್ತಿಗೂ ಅವರೆಂದರೆ ನನಗೆ ಪ್ರಾಣ. ಇಲ್ಲಿನವರಿಗೆ ನಾನು ಯಾರೂ ಅಲ್ಲ. ಬಸ್ಸು ಹಿಡಿದು, ಒಂದು ಭಾನುವಾರವನ್ನು ತೆತ್ತು, ನನ್ನ ಹತ್ತು ಪುಟಗಳನ್ನು ಪೂರ್ತಿ ಕೇಳಿದರಲ್ಲ! ಕೇಳದಿದ್ದರೆ ಕೈಗೆ ಎಲ್ಲಿ ಬೇಸರವಾಗಬೇಕೆಂದು ಹೇಗೆ ಗೊತ್ತಾಗುತ್ತಿತ್ತು? ಇದು ಹೊಳೆದದ್ದೇ ಎದ್ದು ನಿಂತೆ, ಕಾಫಿ ಅರ್ಧ ಚೆಲ್ಲಿತು. ನನಗೆ ಪಕ್ಕದಲ್ಲಿ ಕಟ್ಟುವ ಹಸು ಸಿಕ್ಕಿತ್ತು.

ಬರೆಯಬೇಕಾದದ್ದು ಒಂದಿತ್ತು. ಯಾರಿಗೂ ಹೇಳಿರಲಿಲ್ಲ. ಇಲ್ಲಿಗೆ ಬಂದ ಮೊದಲ ವಾರ, ನಿಡಘಟ್ಟದ ಹತ್ತಿರದ ಹಳ್ಳಿಯಿಂದ ಎಮ್ಮೆಗೆ ಹೆರಿಗೆ ಕಷ್ಟವೆಂದು ಕರೆ ಬಂದಿತ್ತು. ನಾನು ಗೊತ್ತಿಲ್ಲದ ದಾರಿಯಲ್ಲಿ, ಕೇಳಲು ಬಿಗುಮಾನಪಟ್ಟು, ತಪ್ಪು ಕವಲಿನಲ್ಲಿ ಸುತ್ತಿ ತಡವಾಗಿ ಮುಟ್ಟಿದೆ. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಆ ಮನೆಯ ಅಜ್ಜಿ ನನ್ನ ಮೊಣಕೈವರೆಗಿನ ರಕ್ತಕ್ಕೆ ಬಿಸಿನೀರು ಹೊಯ್ದು, ತಾನೇ ಉಜ್ಜಿ ತೊಳೆದು, “ನೀನ್ ಉಂಡ್ಯೇನವ್ವಾ?” ಎಂದು ಕೇಳಿದಳು. ಅಷ್ಟನ್ನೇ ಬರೆದೆ. ಬಿಗುಮಾನವನ್ನೂ ಬಿಡದೆ ಬರೆದೆ. ಎರಡೂವರೆ ಪುಟವಾಯಿತು.

ಯುಗಾದಿಯ ಹಿಂದಿನ ಭಾನುವಾರ ಓದಿದೆ. ತಲೆಯೆತ್ತುವ ಧೈರ್ಯವಿರಲಿಲ್ಲ, ಕಿವಿಯೆಲ್ಲ ಮೊರದ ಕಡೆಗೇ. ಮೊದಲ ಪುಟ ಮುಗಿಯಿತು, ಸದ್ದಿಲ್ಲ. ಕಡಲೆಕಾಯಿ ತರಲು ಮರೆತರೇನೋ ಎಂದುಕೊಂಡೆ. ಎರಡನೆಯದೂ ಮುಗಿಯಿತು. ಕೊನೆಯ ಸಾಲು ಓದಿ ಕಣ್ಣೆತ್ತಿದರೆ ಮೊರ ತುಂಬಿಯೇ ಇತ್ತು. ಜಯಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದರು. ಗೌಡರ ಬೆರಳ ಸಂದಿಯಲ್ಲಿ ಒಂದು ಕಡಲೆಕಾಯಿ, ಹೆಬ್ಬೆರಳು ಒತ್ತಿದ್ದು ಒತ್ತಿದಂತೆಯೇ ನಿಂತುಬಿಟ್ಟಿತ್ತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಆ ಅಂಗಡಿಯ ಹೊಲಿಗೆ ಯಂತ್ರಗಳನ್ನೆಲ್ಲ ಒಂದೊಂದಾಗಿ ಅಪ್ಪಿಕೊಳ್ಳಬೇಕು ಎನ್ನಿಸಿತು.

“ಆ ಅಜ್ಜಿ ಇನ್ನೂ ಅವ್ಳಾ?” ಗೌಡರು ಕೇಳಿದರು.

“ಗೊತ್ತಿಲ್ಲ. ಮತ್ತೆ ಆ ಕಡೆ ಹೋಗಲು ನನಗೆ ಮುಖವಿರಲಿಲ್ಲ.”

“ಓಗ್ ನೋಡ್ಕಂಡ್ ಬನ್ನಿ. ಆಮ್ಯಾಕೆ ಅದ್ನೂ ಬರೀರಿ,” ಎಂದು ಹೇಳಿ, ಆ ಕಾಯಿಯನ್ನು ನನ್ನ ಅಂಗೈಯಲ್ಲಿಟ್ಟರು.

ಹಳೇ ಪೇಪರಿನವನು ಹಬ್ಬದ ಮಾರನೆಯ ದಿನ ಬಂದು, ಬರೀ ಪೇಪರು ಕಟ್ಟಿಕೊಂಡು ಹೋದ. ನಾಳೆ ಬೆಳಿಗ್ಗೆ ನಾನು ನಿಡಘಟ್ಟದ ಕಡೆ ಹೊರಟಿದ್ದೇನೆ, ಈ ಸಲ ಪ್ರತಿ ಕವಲಿನಲ್ಲೂ ದಾರಿ ಕೇಳಿಕೊಂಡು. ಚೀಲದಲ್ಲಿ ಅದೇ ಕಾಯಿ ಇದೆ. ಒಳಗಿನ ಎರಡು ಬೀಜ ಹೇಗಿವೆಯೋ ಎಂದು ಒಮ್ಮೊಮ್ಮೆ ಕೈ ತುರಿಸುತ್ತದೆ, ಹೆಬ್ಬೆರಳು ಆ ಗುರುತಿನ ಮೇಲೆಯೇ ಹೋಗಿ ಕೂರುತ್ತದೆ. ಆದರೆ ಒತ್ತುವುದಿಲ್ಲ. ಒತ್ತಿದರೆ ಸದ್ದಾಗುತ್ತದೆ.